ಬೆಂಕಿ ಇಡುವ ಮೊದಲು ಕೇಳಬೇಕಾದ್ದು

ನಮ್ಮ ಕಡೆ ಮಣ್ಣಿಗೆ ಹೋಗುವುದು ಅಂದರೆ ಬಹಳ ಮನೆಗಳಲ್ಲಿ ಹೂಳುವುದೇ. ಲಿಂಗಾಯತರಲ್ಲಿ ಹಿರಿಯರು ತೀರಿಕೊಂಡರೆ ವಿಮಾನ ಅಂತ ಕರೆಯುವ ಅಲಂಕಾರದ ಚಟ್ಟ ಕಟ್ಟಿ, ಕೂಡಿಸಿಕೊಂಡು ಒಯ್ದು, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ವಿಭೂತಿ, ಪತ್ರಿ ಹಾಕಿ ಸಮಾಧಿ ಮಾಡುತ್ತಾರೆ. ಎಷ್ಟೋ ಸಲ ಸ್ವಂತ ಹೊಲದಲ್ಲೇ. ಆದರೆ ಹೊಲ ಮಾರಿ ಹುಬ್ಬಳ್ಳಿಯ ನವನಗರದಲ್ಲೋ ವಿದ್ಯಾನಗರದಲ್ಲೋ ಫ್ಲ್ಯಾಟ್ ತಗೊಂಡವರಿಗೆ ಆ ಜಾಗ ಎಲ್ಲಿದೆ? ಅಂಥವರು ಕ್ಲಿನಿಕ್ಕಿನಲ್ಲಿ ಮೆಲ್ಲಗೆ ಕೇಳುತ್ತಾರೆ: "ಡಾಕ್ಟರ್ ಸಾಹೇಬ್ರ, ಸುಟ್ರ ನಡೀತೈತೇನ್ರಿ?"

ಶಾಸ್ತ್ರದ ಮಾತು ಮಠದ ಸ್ವಾಮಿಗಳನ್ನು ಕೇಳಿ. ಅದು ನನ್ನ ಚೀಟಿಯಲ್ಲಿ ಬರೆಯುವ ಔಷಧವಲ್ಲ. ವೈದ್ಯನಾಗಿ ನಾನು ಹೇಳುವುದಿಷ್ಟೇ: ಹೂತದ್ದನ್ನು ಬೇಕಾದರೆ ಮತ್ತೆ ತೆಗೆದು ನೋಡಬಹುದು, ಸುಟ್ಟದ್ದನ್ನು ಆಗುವುದಿಲ್ಲ. ಹಾಗಾಗಿ ಸುಡುವುದಾದರೆ ಕೇಳುವುದನ್ನೆಲ್ಲ ಮೊದಲೇ ಕೇಳಿಕೊಳ್ಳಬೇಕು.

ಹಾವೇರಿ ಕಡೆಯ ಮೆಕ್ಕೆಜೋಳದ ಹೊಲದಲ್ಲಿ ಒಬ್ಬರಿಗೆ ಹಾವು ಕಚ್ಚಿತು ಅಂದುಕೊಳ್ಳಿ. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು. "ಹೋದವರ ಮೈ ಯಾಕ ಕೊಯ್ಯಿಸೋದು" ಅಂತ ಮನೆಯವರು ಸಂಜೆಯೊಳಗೆ ಸುಟ್ಟುಬಿಡುತ್ತಾರೆ. ಆಮೇಲೆ ಪರಿಹಾರಕ್ಕೆ ಅರ್ಜಿ ಹಾಕಿದಾಗ ಪೋಸ್ಟ್‌ಮಾರ್ಟಂ ವರದಿ ಕೇಳುತ್ತಾರೆ. ಎಲ್ಲಿಂದ ತರುವುದು? ಹೂತಿದ್ದರೆ ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಹೊರತೆಗೆಸುವ ದಾರಿಯಾದರೂ ಇರುತ್ತಿತ್ತು. ಸಿಡಿಲು, ಕರೆಂಟು, ವಿಷ, ಅಪಘಾತ, ಯಾವುದೇ ಆಗಲಿ, ಮೊದಲು ಪೊಲೀಸರಿಗೆ ತಿಳಿಸಿ. ಎಷ್ಟೇ ಹೊತ್ತಾದರೂ ಕಾಯಿರಿ.

ಕಾಯಿಲೆಯಿಂದ ಮನೆಯಲ್ಲೇ ತೀರಿಕೊಂಡಿದ್ದರೆ, ಕೊನೆಯ ದಿನಗಳಲ್ಲಿ ನೋಡಿದ ವೈದ್ಯರಿಂದ ಸಾವಿನ ಕಾರಣದ ಪ್ರಮಾಣಪತ್ರ ಬರೆಸಿಕೊಳ್ಳಿ. ಅದಕ್ಕೆ 4ಎ ಅಂತ ನಮೂನೆ ಇದೆ, ದುಡ್ಡು ಕೊಡಬೇಕಿಲ್ಲ. ಪರಿಚಯವೇ ಇಲ್ಲದ ವೈದ್ಯರು ಬರೆಯಲು ಹಿಂದೇಟು ಹಾಕಿದರೆ ಸಿಟ್ಟಾಗಬೇಡಿ. ಕಾರಣ ಗೊತ್ತಿಲ್ಲದೆ ಸುಮ್ನೆ ಸಹಿ ಮಾಡುವವರಿಗಿಂತ ಅವರೇ ಮೇಲು.

ಇನ್ನೊಂದು ಮಾತು ಬಹಳ ಜನ ಮರೆಯುತ್ತಾರೆ. ಎದೆಯಲ್ಲಿ ಪೇಸ್‌ಮೇಕರ್, ಅಂದರೆ ಹೃದಯದ ಬಡಿತ ಸರಿಯಿಡುವ ಸಣ್ಣ ಯಂತ್ರ, ಇದ್ದರೆ ಸುಡುವ ಮೊದಲೇ ವೈದ್ಯರಿಗೂ ಚಿತಾಗಾರದವರಿಗೂ ಹೇಳಿಬಿಡಿ. ಅದರೊಳಗಿನ ಲಿಥಿಯಂ ಬ್ಯಾಟರಿ ಕಾವಿಗೆ ಸಿಡಿಯುತ್ತದೆ. ವಿದ್ಯುತ್ ಅಥವಾ ಗ್ಯಾಸ್ ಚಿತಾಗಾರದ ಮುಚ್ಚಿದ ಕುಲುಮೆಯಲ್ಲಂತೂ ಕೆಲಸಗಾರರಿಗೇ ಅಪಾಯ. ಸಾಮಾನ್ಯವಾಗಿ ಕಾಲರ್ ಎಲುಬಿನ ಕೆಳಗೆ ಚರ್ಮದಡಿಯೇ ಇರುವುದರಿಂದ ವೈದ್ಯರು ಸಣ್ಣ ಗಾಯ ಮಾಡಿ ತೆಗೆದುಬಿಡಬಹುದು. ಮೊಣಕಾಲಿಗೆ ಹಾಕಿದ ಲೋಹದ ಕೀಲಿಗೆ ಈ ಚಿಂತೆ ಇಲ್ಲ. ಅದು ಬೂದಿಯಲ್ಲಿ ಹಾಗೇ ಸಿಗುತ್ತದೆ.

ಕುಲುಮೆಯಲ್ಲಿ ಕಾವು 800 ಡಿಗ್ರಿಯ ಆಚೀಚೆ ಇರುತ್ತದೆ. ಒಂದೂವರೆ ಎರಡು ತಾಸಿನಲ್ಲಿ ಮುಗಿಯುತ್ತದೆ. ಕಟ್ಟಿಗೆಯ ಚಿತೆಗೆ 300-400 ಕಿಲೋ ಕಟ್ಟಿಗೆ ಬೇಕು, ಪೂರ್ತಿ ಆರಲು ಮರುದಿನವಾಗುತ್ತದೆ. ಚಿತೆಯ ಮೇಲೆ ಕೈಕಾಲು ಮಡಚಿಕೊಳ್ಳುವುದನ್ನು ನೋಡಿ "ಜೀವ ಇತ್ತೇನೋ" ಅಂತ ವರ್ಷಗಟ್ಟಲೆ ಕೊರಗಿದವರಿದ್ದಾರೆ. ಕಾವಿಗೆ ಸ್ನಾಯು ಕುಗ್ಗುತ್ತದೆ, ಅಷ್ಟೇ. ಹೊರಳಿದಂತೆ, ಏಳುವಂತೆ ಕಾಣುವುದೂ ಅದರಿಂದಲೇ. ಹತ್ತಿರದವರಿಗೆ ಇದನ್ನು ಮೊದಲೇ ಹೇಳಿಟ್ಟರೆ ಒಳ್ಳೆಯದು. ಕೊನೆಗೆ ಉಳಿಯುವುದು ಮುಖ್ಯವಾಗಿ ಮೂಳೆಯ ಸುಣ್ಣದಂಶ, ದೊಡ್ಡವರದಾದರೆ ಎರಡು ಮೂರು ಕಿಲೋ.

ಮಳೆಗಾಲದಲ್ಲಿ ಹೂಳುವುದೇ ಸುಲಭ ಅಂತ ತಿಳಿಯಬೇಡಿ. ಗದಗ, ನರಗುಂದದ ಎರೆ ಮಣ್ಣಿನಲ್ಲಿ ಗುಂಡಿ ತೋಡಿದರೆ ನೀರು ತುಂಬುತ್ತದೆ, ಬೇಸಿಗೆಗೆ ಅದೇ ಮಣ್ಣು ಬಿರುಕು ಬಿಟ್ಟು ಸಮಾಧಿ ಕುಸಿಯುತ್ತದೆ. ಹಾಗಂತ ಹಸಿ ಕಟ್ಟಿಗೆಯ ಚಿತೆಯೂ ಸುಖದ್ದಲ್ಲ.

ಕಣ್ಣು ದಾನ ಮಾಡುವ ಮನಸ್ಸಿದ್ದರೆ ಕೂಡಲೇ ಐ ಬ್ಯಾಂಕಿಗೆ ಫೋನ್ ಮಾಡಿ, ಆರು ತಾಸಿನೊಳಗೆ ಅವರು ಬಂದು ಕಣ್ಣು ತೆಗೆದುಕೊಳ್ಳಬೇಕು. ಆಮೇಲೆ ಸುಡಿ, ಹೂಳಿ, ಏನೂ ಅಡ್ಡಿಯಿಲ್ಲ.

ಸುಟ್ಟರೂ ಹೂತರೂ 21 ದಿನದೊಳಗೆ ಮರಣ ನೋಂದಣಿ ಮಾಡಿಸಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ತರಬೇಕಾಗುತ್ತದೆ. ಹೊಲದ ವಾರಸಾಕ್ಕೆ, ಬ್ಯಾಂಕಿಗೆ, ಎಲ್‌ಐಸಿಗೆ ಎಲ್ಲ ಕಡೆ ಈ ನೋಂದಣಿಯ ಮರಣ ಪ್ರಮಾಣಪತ್ರ ಕೇಳುತ್ತಾರೆ. ಜಾಸ್ತಿ ಪ್ರತಿ ತೆಗೆದುಕೊಳ್ಳಿ. ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಇದೆಯಾ ಅಂತ ಕಚೇರಿಯ ಕಿಟಕಿ ಮುಂದೆ ನಿಂತೇ ಓದಿ ನೋಡಿ.