ಕುಂಚ ನಮ್ಮದು, ಕೆಲಸ ನೀರಿನದು

ಮೇಜಿನ ಮೇಲೆ ಆಡುವ ಯುದ್ಧದಾಟಗಳ ಪುಟ್ಟ ಸೈನಿಕರಿಗೆ ಬಣ್ಣ ಹಚ್ಚುವವರಲ್ಲಿ ಒಂದು ನಂಬಿಕೆ ಬೇರೂರಿದೆ. ನೀರು ಬೆರೆಸಿ ತೆಳುವಾಗಿಸಿದ ಗಾಢ ಬಣ್ಣ, ಅಂದರೆ ವಾಷ್, ತನ್ನ ಭಾರದಿಂದಲೇ ತಗ್ಗುಗಳಿಗೆ ಇಳಿಯುತ್ತದಂತೆ. ಇದು ತಪ್ಪು. ವಾಷನ್ನು ಹದವಾಗಿ ಹಚ್ಚಿ, ಕೂಡಲೇ ಬೊಂಬೆಯನ್ನು ತಲೆಕೆಳಗೆ ಹಿಡಿದು ನೋಡಿ. ನಿಲುವಂಗಿಯ ನೆರಿಗೆಯೊಳಗೆ ಸೇರಿದ ಬಣ್ಣ ಕದಲುವುದಿಲ್ಲ.

ಅದನ್ನು ಹಿಡಿದಿಟ್ಟಿರುವುದು ನೀರಿನ ಮೇಲ್ಮೈ ಎಳೆತ. ನೀರು ತನ್ನ ಹೊರಮೈಯನ್ನು ಆದಷ್ಟು ಕಿರಿದಾಗಿಸಿಕೊಳ್ಳಲು ಸದಾ ಹವಣಿಸುತ್ತದೆ. ಎರಡೂ ಕಡೆ ಅಂಟಿಕೊಳ್ಳಲು ಗೋಡೆ ಸಿಗುವ ಸಂದಿನಲ್ಲಿ ಅದಕ್ಕೆ ಈ ಉಳಿತಾಯ ಸುಲಭ. ಸುಮಾರು 2.7 ಮಿಲಿಮೀಟರ್‌ಗಿಂತ ಕಿರಿದಾದ ಜಾಗಗಳಲ್ಲಿ ಗುರುತ್ವಕ್ಕಿಂತ ಈ ಎಳೆತದ್ದೇ ಮೇಲುಗೈ. 28 ಮಿಲಿಮೀಟರ್ ಎತ್ತರದ ಬೊಂಬೆಯ ನೆರಿಗೆಗಳು ಅದಕ್ಕಿಂತಲೂ ಎಷ್ಟೋ ಕಿರಿದು.

ಕುಂಚಕ್ಕೆ ಮೊನೆ ಬರುವುದೂ ಇದರಿಂದಲೇ. 1889–90ರ ಚಳಿಗಾಲದಲ್ಲಿ ಲಂಡನ್ನಿನ ಎಳೆಯ ಶ್ರೋತೃಗಳಿಗೆ ಭೌತವಿಜ್ಞಾನಿ ಚಾರ್ಲ್ಸ್ ವರ್ನನ್ ಬಾಯ್ಸ್ ಇದನ್ನು ಬಲು ಸೊಗಸಾಗಿ ತೋರಿಸಿಕೊಟ್ಟರು. ಒಣ ಕುಂಚದ ಕೂದಲು ಕೆದರಿರುತ್ತದೆ. ಒದ್ದೆಯಾದರೆ ಒಟ್ಟುಗೂಡುತ್ತದೆ ಎನ್ನುತ್ತೇವೆ. ಹಾಗಾದರೆ ನೀರಿನೊಳಗೆ ಮುಳುಗಿಸಿ ಹಿಡಿದಾಗ? ಅಲ್ಲೂ ಕೆದರಿಯೇ ಇರುತ್ತದೆ! ಹೊರಗೆ ತೆಗೆದಾಗ ಮಾತ್ರ ಕೂಡಿಕೊಳ್ಳುತ್ತದೆ. ಬರಿಯ ಒದ್ದೆತನ ಸಾಲದು, ನೀರಿಗೂ ಗಾಳಿಗೂ ನಡುವೆ ಒಂದು ಮೇಲ್ಮೈ ಬೇಕು. ಆದ್ದರಿಂದ ಬೊಂಬೆಯ ಕಣ್ಣು ಬರೆಯಲು ನಾಲ್ಕೇ ಕೂದಲಿನ ಕುಂಚ ಹುಡುಕಬೇಕಾಗಿಲ್ಲ. ಚೆನ್ನಾಗಿ ಮೊನೆ ಕೂಡುವ, ತುಸು ದಪ್ಪನೆಯ ಕುಂಚವೇ ಮೇಲು. ಅದರಲ್ಲಿ ಬಣ್ಣ ಬೇಗ ಆರುವುದಿಲ್ಲ.

ಅಷ್ಟಕ್ಕೂ ತಗ್ಗುಗಳಿಗೆ ಗಾಢ ವಾಷ್ ಇಳಿಸಿ ನೆರಳನ್ನು ಬಣ್ಣದಿಂದ ಬರೆಯುವುದೇಕೆ? ನಿಜವಾದ ನೆರಳು ಬೀಳುತ್ತದಲ್ಲ! ಬೀಳುತ್ತದೆ, ಆದರೆ ಕಣ್ಣಿಗೆ ಸಿಗುವುದಿಲ್ಲ. ಈ ಬೊಂಬೆಯನ್ನು ಒಂದು ಮೀಟರ್ ದೂರದಿಂದ ನೋಡುವುದೆಂದರೆ ಸುಮಾರು 60 ಮೀಟರ್ ಆಚೆ ನಿಂತ ಮನುಷ್ಯನನ್ನು ನೋಡಿದ ಹಾಗೆ. ಒಂದು ಮೀಟರ್ ದೂರದಲ್ಲಿ ನಮ್ಮ ಕಣ್ಣು ಬೇರೆಬೇರೆಯಾಗಿ ಗುರುತಿಸಬಲ್ಲ ಅಂತರ ಸುಮಾರು 0.3 ಮಿಲಿಮೀಟರ್. ಅದಕ್ಕೇ ರಂಗನಟರ ಹುಬ್ಬು ತೀಡುವಂತೆ ಇಲ್ಲೂ ಕಪ್ಪನ್ನು ಹೆಚ್ಚು ಕಪ್ಪಾಗಿಸಿ, ಬಿಳುಪನ್ನು ಹೆಚ್ಚು ಬಿಳುಪಾಗಿಸಬೇಕು. ಅಂಜಿ ಅಂಜಿ ಹಚ್ಚಿದ ನೆರಳು ಆಟದ ಮೇಜಿನ ಮೇಲೆ ಇದ್ದೂ ಇಲ್ಲದಂತೆ.

ಗುರಾಣಿಯಂಥ ಚಪ್ಪಟೆ ಜಾಗದಲ್ಲಿ ಮಾತ್ರ ಇದೇ ನೀರು ಕಾಟ ಕೊಡುತ್ತದೆ. ವಾಷ್ ಆರಿದಾಗ ಸುತ್ತಲೂ ಕೊಳಕು ಗೆರೆಯೊಂದು ಉಳಿಯುತ್ತದೆ. ಷಿಕಾಗೋ ವಿಶ್ವವಿದ್ಯಾಲಯದ ರಾಬರ್ಟ್ ಡೀಗನ್ ಮತ್ತು ಸಂಗಡಿಗರು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದರ ಗುಟ್ಟು ಬಿಡಿಸಿದರು. ಅವರು ನೋಡಿದ್ದು ಚೆಲ್ಲಿದ ಕಾಫಿಯ ಕಲೆಯನ್ನು. ಹನಿಯ ಅಂಚು ತಳಕ್ಕೆ ಕಚ್ಚಿಕೊಂಡಿರುತ್ತದೆ, ಅಲ್ಲಿಯೇ ನೀರು ಬೇಗ ಆವಿಯಾಗುತ್ತದೆ. ಆ ಕೊರತೆ ತುಂಬಲು ನಡುವಿನಿಂದ ನೀರು ಅಂಚಿನತ್ತ ಹರಿಯುತ್ತದೆ, ಬಣ್ಣದ ಕಣಗಳನ್ನೂ ಹೊತ್ತೊಯ್ದು ಅಲ್ಲಿಯೇ ಗುಡ್ಡೆ ಹಾಕುತ್ತದೆ. ಚಪ್ಪಟೆ ಜಾಗದಲ್ಲಿ ನಿಂತ ವಾಷನ್ನು ಆರುವ ಮೊದಲೇ, ಹಿಂಡಿದ ಒದ್ದೆ ಕುಂಚದಿಂದ ಹೀರಿ ತೆಗೆಯಿರಿ.

ಬೊಂಬೆಯನ್ನು ಮೊದಲು ಸೋಪಿನಿಂದ ತೊಳೆದು ಪ್ರೈಮರ್, ಅಂದರೆ ಬಣ್ಣಕ್ಕೆ ಮುಂಚಿನ ತಳಲೇಪ, ಬಳಿಯುವುದೂ ನೀರನ್ನು ಒಲಿಸಿಕೊಳ್ಳಲಿಕ್ಕೇ. ಜಿಡ್ಡಿನ ಪ್ಲಾಸ್ಟಿಕ್ ಮೇಲೆ ಬಣ್ಣ ಹನಿಹನಿಯಾಗಿ ಮುದುಡುತ್ತದೆ, ಪ್ರೈಮರ್‌ನ ಒರಟು ಮೈಮೇಲೆ ಹರಡಿಕೊಳ್ಳುತ್ತದೆ.

ಇನ್ನು ಉಬ್ಬುಗಳಿಗೆ ಬೆಳಕು ಕೊಡುವ ಡ್ರೈಬ್ರಷ್ ವಿಧಾನ ವಾಷ್‌ಗೆ ತದ್ವಿರುದ್ಧ. ಕುಂಚಕ್ಕೆ ತಿಳಿ ಬಣ್ಣ ಹಚ್ಚಿ, ಹೆಚ್ಚುಕಡಿಮೆ ಎಲ್ಲವನ್ನೂ ಕಾಗದಕ್ಕೆ ಒರೆಸಿ, ಬೊಂಬೆಯ ಮೇಲೆ ಹಗುರವಾಗಿ ಆಡಿಸಬೇಕು. ತಗ್ಗಿಗೆ ಎಳೆದೊಯ್ಯುವ ನೀರೇ ಇಲ್ಲದ್ದರಿಂದ ಬಣ್ಣ ಸರಪಳಿ ಕವಚದ ಒಂದೊಂದು ಬಳೆಯ ನೆತ್ತಿಯ ಮೇಲಷ್ಟೇ ಉಳಿಯುತ್ತದೆ.