ಗೀಸರ್ ಯಾಕೆ ಕೆಡುತ್ತದೆ? ಕಾಯಿಲ್ ಬದಲಿಸುವ ಮೊದಲು ನೀರನ್ನು ನೋಡಿ

ಎಲೆಕ್ಟ್ರಿಷಿಯನ್ ಟ್ರೇಡ್ ಓದುತ್ತಿರುವ ಗೆಳೆಯರಿಗಾಗಿ ಬರೆದಿಟ್ಟ ಟಿಪ್ಪಣಿ ಇದು. ಲೆಕ್ಕಗಳಿಗೆಲ್ಲ 15 ಲೀಟರಿನ, 2 ಕಿಲೋವಾಟ್ ಕಾಯಿಲ್ ಇರುವ ಸ್ಟೋರೇಜ್ ಗೀಸರನ್ನು ಇಟ್ಟುಕೊಂಡಿದ್ದೇನೆ.

ಹಳೆ ಮನೆಗಳ ಬಚ್ಚಲಲ್ಲಿ ನೀರು ಕಾಯಿಸುವ ಹಂಡೆ ನೋಡಿರುತ್ತೀರಿ. ಬೋರ್‌ವೆಲ್ ನೀರಿನ ಊರಾದರೆ ಒಳಗೆ ಕೈಯಾಡಿಸಿದಾಗ ಒರಟಾದ ಬಿಳಿ ಪದರ ಸಿಗುತ್ತದೆ. ಗೀಸರ್ ಒಳಗೂ ಅದೇ ಪದರ ಕಟ್ಟುತ್ತದೆ. ಹಂಡೆಯನ್ನು ಹಬ್ಬಕ್ಕಾದರೂ ಉಜ್ಜುತ್ತಾರೆ. ಗೀಸರ್ ಒಳಗೆ ಕೆಡುವ ತನಕ ಯಾರೂ ನೋಡುವುದಿಲ್ಲ.

ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬನೇಟ್ ಕರಗಿರುತ್ತದೆ. ನೀರು ಕಾದಾಗ ಅದು ಒಡೆದು ಕ್ಯಾಲ್ಸಿಯಂ ಕಾರ್ಬನೇಟ್ ಆಗುತ್ತದೆ. ಇದು ನೀರಲ್ಲಿ ಕರಗುವುದು ಬಹಳ ಕಡಿಮೆ. ಹಾಗಾಗಿ ಎಲ್ಲಿ ಬಿಸಿ ಜಾಸ್ತಿಯೋ ಅಲ್ಲೇ ಕೂರುತ್ತದೆ, ಅಂದರೆ ಕಾಯಿಲ್ ಮೇಲೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ (ಐಎಸ್ 10500) ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ಒಪ್ಪಬಹುದು ಎಂದಿದೆ. ಕುಡಿಯಲು ನಡೆಯುವ ಆ 600ರ ನೀರು ಗೀಸರಿಗೆ ಮಾತ್ರ ಕಷ್ಟವೇ.

ನಾನು ಮೊದಲ ಸಲ ಬಿಚ್ಚಿದ ಗೀಸರ್ ಇನ್ನೂ ಕಣ್ಣ ಮುಂದಿದೆ. ಬೋರ್‌ವೆಲ್ ನೀರಿನ ಮನೆ. ಕೆಳಗಿನ ಪ್ಲೇಟಿನ ನಟ್ಟು ಬಿಚ್ಚಿದ ಕೂಡಲೇ ಮೊಟ್ಟೆ ಚಿಪ್ಪಿನಂಥ ಚೂರುಗಳು ಸುರಿದವು, ಸುಮಾರು ಎರಡು ಮಗ್ಗು. ಕಾಯಿಲ್ ಹೆಬ್ಬೆರಳಿನಷ್ಟು ದಪ್ಪ ಆಗಿತ್ತು. ಒಂದು ಚೂರಿನ ಮೇಲೆ ನಿಂಬೆ ರಸ ಹಿಂಡಿದೆ, ಬುಸ್ಸೆಂದು ನೊರೆ ಬಂತು. ಕಾರ್ಬನೇಟ್‌ಗೆ ಆಮ್ಲ ತಗುಲಿದಾಗ ಹೊರಬರುವ ಇಂಗಾಲದ ಡೈಆಕ್ಸೈಡ್ ಅದು. ಪುಸ್ತಕದಲ್ಲಿ ಓದಿದ್ದು ಅವತ್ತು ಕೈಗೆ ಸಿಕ್ಕಿತು. ಆ ಮನೆಯವರು ಅದಕ್ಕೂ ಮೊದಲೇ ಎರಡು ಸಲ ಕಾಯಿಲ್ ಹಾಕಿಸಿದ್ದರು, ಟ್ಯಾಂಕ್ ತೊಳೆಸಿರಲಿಲ್ಲ.

ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಿ. ಸುಣ್ಣ ಕಟ್ಟಿದ್ದಕ್ಕೇ ನೀರು ನಿಧಾನ ಕಾಯುತ್ತದೆ ಎಂದು ತುಂಬ ಜನ ಹೇಳುತ್ತಾರೆ. ಕಾಯಿಲ್ ನೀರೊಳಗೇ ಇರುವುದರಿಂದ ಅದರ ಶಾಖ ಕೊನೆಗೆ ನೀರಿಗೇ ಸೇರಬೇಕು, ಬೇರೆ ದಾರಿ ಇಲ್ಲ. ತೊಂದರೆ ಆಗುವುದು ಕಾಯಿಲ್‌ಗೆ. ಸುಣ್ಣದ ಕಂಬಳಿ ಹೊದ್ದ ಕಾಯಿಲ್ ಆ ಶಾಖ ದಾಟಿಸಲು ತಾನು ಇನ್ನಷ್ಟು ಕಾಯಬೇಕಾಗುತ್ತದೆ. ಕೊನೆಗೆ ಹೊರಗಿನ ಕೊಳವೆ ಬಿರುಕು ಬಿಡುತ್ತದೆ, ಇಲ್ಲವೇ ಒಳಗಿನ ತಂತಿ ಸುಡುತ್ತದೆ. ಗೀಸರ್ ಒಳಗಿಂದ ಕೊತಕೊತ, ಟಪಟಪ ಸದ್ದು ಬಂದರೆ ಪದರದ ಅಡಿಯಲ್ಲಿ ನೀರು ಆವಿಯಾಗುತ್ತಿದೆ ಎಂದೇ ತಿಳಿಯಿರಿ.

ಹಾಗಾದರೆ ನಿಧಾನ ಯಾಕೆ? ಮೊದಲು ಲೆಕ್ಕ ಹಾಕಿ. 15 ಲೀಟರ್ ನೀರು 25 ಡಿಗ್ರಿಯಿಂದ 60ಕ್ಕೆ ಏರಲು 15 × 35 × 4.2, ಸುಮಾರು 2,200 ಕಿಲೋಜೂಲ್ ಬೇಕು (ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು 4.2 ಕಿಲೋಜೂಲ್). 2 ಕಿಲೋವಾಟ್ ಕಾಯಿಲ್‌ಗೆ ಇದು 18 ನಿಮಿಷದ ಕೆಲಸ. ಅರ್ಧ ಗಂಟೆ ಆಗುತ್ತಿದೆ ಎಂದರೆ ವೋಲ್ಟೇಜ್ ಅಳೆಯಿರಿ. ಪವರ್ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 230 ಇರಬೇಕಾದದ್ದು 180ಕ್ಕೆ ಬಿದ್ದರೆ 2,000 ವಾಟ್ ಕಾಯಿಲ್ 1,225 ವಾಟ್ ಮಾತ್ರ ಕೊಡುತ್ತದೆ. ಅಲ್ಲಿಗೆ 30 ನಿಮಿಷ! ಗೀಸರ್ ತಪ್ಪೇನೂ ಇಲ್ಲ.

ನೀರು ಉಗುರು ಬೆಚ್ಚಗಾದ ಕೂಡಲೇ ದೀಪ ಆರಿದರೆ ಅದು ಬೇರೆ ಕಥೆ. ಥರ್ಮೋಸ್ಟಾಟ್ ಕಡ್ಡಿ ಕೂರುವ ಕೊಳವೆ ಕಾಯಿಲ್ ಪಕ್ಕದಲ್ಲೇ ಇರುತ್ತದೆ. ಎರಡೂ ಸುಣ್ಣದಲ್ಲಿ ಒಂದಾಗಿ ಅಂಟಿಕೊಂಡರೆ ಥರ್ಮೋಸ್ಟಾಟ್ ನೀರಿನ ಬದಲು ಕಾಯಿಲ್ ಬಿಸಿಯನ್ನು ಅಳೆದು ಬೇಗ ಆಫ್ ಮಾಡುತ್ತದೆ. ಹೊಸ ಥರ್ಮೋಸ್ಟಾಟ್ ಹಾಕಿದರೂ ಹಾಗೇ ಆಗುತ್ತದೆ. ಕೆರೆದು ತೊಳೆಯಬೇಕು.

ಟ್ರಿಪ್ ಆಗುತ್ತಿದೆ ಎಂದು ಕರೆದರೆ, ಬಿದ್ದದ್ದು ಎಂಸಿಬಿಯೋ (ಕರೆಂಟ್ ಮಿತಿಮೀರಿದಾಗ ಬೀಳುವ ಸ್ವಿಚ್) ಆರ್‌ಸಿಸಿಬಿಯೋ (ಕರೆಂಟ್ ಸೋರಿದಾಗ ಬೀಳುವ ಸ್ವಿಚ್) ನೋಡಿ. ಆರ್‌ಸಿಸಿಬಿ ಆದರೆ ಕರೆಂಟ್ ಅರ್ಥ್‌ಗೆ ಸೋರುತ್ತಿದೆ. ಬಿರುಕಿನಿಂದ ನುಗ್ಗಿದ ನೀರು ಕಾಯಿಲ್ ಒಳಗಿನ ಮೆಗ್ನೀಸಿಯಂ ಆಕ್ಸೈಡ್ ಪುಡಿಯನ್ನು ನೆನೆಸಿರಬಹುದು. ಮೇನ್ ಆಫ್ ಮಾಡಿ, ವೈರ್ ಬಿಡಿಸಿ, ಮಲ್ಟಿಮೀಟರ್ ಇಡಿ. 2 ಕಿಲೋವಾಟ್ ಕಾಯಿಲ್ ಸುಮಾರು 26 ಓಮ್ ತೋರಿಸಬೇಕು. ಆದರೆ 26 ತೋರಿಸಿದ ಮಾತ್ರಕ್ಕೆ ಕಾಯಿಲ್ ಚೆನ್ನಾಗಿದೆ ಅನ್ನಬೇಡಿ. ತಂತಿ ಸರಿಯಿದ್ದು ಪುಡಿ ಒದ್ದೆಯಾಗಿರಬಹುದು. ಟರ್ಮಿನಲ್ ಮತ್ತು ಕಾಯಿಲ್‌ನ ಹೊರಗಿನ ಕೊಳವೆಯ ನಡುವೆ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿದಾಗ ಅದು ಬಯಲಾಗುತ್ತದೆ. ಟ್ರಿಪ್ ಕಾಟ ಅಂತ ಅರ್ಥ್ ವೈರನ್ನೇ ಕಿತ್ತಿಟ್ಟಿರುವ ಮನೆಗಳೂ ಸಿಗುತ್ತವೆ. ಅದನ್ನು ಸರಿಮಾಡದೆ ಅಲ್ಲಿಂದ ಬರಬೇಡಿ. ಒದ್ದೆ ಮೈಯಲ್ಲಿ ನಲ್ಲಿ ಮುಟ್ಟುವವರ ಜೀವದ ಪ್ರಶ್ನೆ.

ಪ್ಲಗ್ ಪಿನ್ ಕಪ್ಪಾಗಿದ್ದರೆ ಸಾಕೆಟ್ ಸಡಿಲವಾಗಿದೆ. 8.7 ಆಂಪಿಯರ್ ಹರಿಯುವ ಜಾಗಕ್ಕೆ 16 ಆಂಪಿಯರ್ ಸಾಕೆಟ್ಟೇ ಬೇಕು.

ಇನ್ನು ಸೋರಿಕೆ. ಗೀಸರ್ ಆನ್ ಇದ್ದಾಗ ಸೇಫ್ಟಿ ವಾಲ್ವ್‌ನಿಂದ ಹನಿಹನಿ ಬರುತ್ತದೆ, ಆಮೇಲೆ ನಿಲ್ಲುತ್ತದೆ ಎಂದರೆ ಗಾಬರಿ ಬೇಡ. ನೀರು 25ರಿಂದ 60 ಡಿಗ್ರಿಗೆ ಕಾದಾಗ ಸುಮಾರು ಶೇ. 1.4 ಹಿಗ್ಗುತ್ತದೆ. 15 ಲೀಟರಿಗೆ ಇದು 200 ಮಿಲಿಲೀಟರ್, ಒಂದು ಲೋಟ. ಒಳಬರುವ ಪೈಪಿನ ವಾಲ್ವ್ ನೀರನ್ನು ಹಿಂದಕ್ಕೆ ಬಿಡದಿದ್ದರೆ ಆ ಲೋಟದ ನೀರು ಇಲ್ಲಿಂದಲೇ ಹೋಗಬೇಕು. ಗೋಡೆ ಒದ್ದೆ ಆಗುತ್ತದೆಂದು ಕೆಲವರು ಅದಕ್ಕೆ ಬೂಚು ಹಾಕಿಸುತ್ತಾರೆ. ಅದರ ಜೊತೆ ಥರ್ಮೋಸ್ಟಾಟ್ ಆಫ್ ಆಗದಂತೆ ಅಂಟಿಕೊಂಡು, ಬಿಸಿ ಮಿತಿಮೀರಿದಾಗ ಕರೆಂಟ್ ಕಡಿಯುವ ಕಟೌಟ್ ಕೂಡ ಬೈಪಾಸ್ ಆಗಿದ್ದರೆ ಟ್ಯಾಂಕ್ ಸಿಡಿಯುತ್ತದೆ. ಹಾಗಾಗಿ ಪದೇ ಪದೇ ಬೀಳುವ ಕಟೌಟನ್ನು ಸುಮ್ನೆ ರಿಸೆಟ್ ಒತ್ತಿ ಬರಬೇಡಿ, ಬೀಳಲು ಕಾರಣ ಹುಡುಕಿ. ಬೂಚಿನ ಬದಲು ಒಂದು ಸಣ್ಣ ಪೈಪ್ ಇಳಿಸಿಕೊಡಿ, ಗೋಡೆಯೂ ಒಣಗಿರುತ್ತದೆ. ಕೆಳಗಿನ ಪ್ಲೇಟಿನಿಂದ ಸೋರಿದರೆ ಗ್ಯಾಸ್ಕೆಟ್ ಬದಲಿಸಿ. ಟ್ಯಾಂಕೇ ತೂತಾಗಿದ್ದರೆ ಹೊಸದೇ ಗತಿ.

ಟ್ಯಾಂಕ್ ತೂತಾಗದಂತೆ ಕಾಯುವುದು ಆನೋಡ್ ರಾಡ್ ಎಂಬ ಮೆಗ್ನೀಸಿಯಂ ಕಡ್ಡಿ. ಮೆಗ್ನೀಸಿಯಂ ಉಕ್ಕಿಗಿಂತ ಬೇಗ ಸವೆಯುತ್ತದೆ, ಟ್ಯಾಂಕಿನ ಬದಲು ತಾನು ಕರಗುತ್ತದೆ. ಬಿಚ್ಚಿದಾಗಲೆಲ್ಲ ನೋಡಿ. ಒಳಗಿನ ಕಂಬಿ ಕಾಣುತ್ತಿದ್ದರೆ ಬದಲಿಸಿ. ಬಿಸಿ ನೀರಿನಲ್ಲಿ ಮಾತ್ರ ತುಕ್ಕಿನ ಬಣ್ಣ ಬಂದರೆ ಟ್ಯಾಂಕನ್ನು ಅನುಮಾನಿಸಿ. ತಣ್ಣೀರಲ್ಲೂ ಬಂದರೆ ಪೈಪು, ಮೇಲಿನ ತೊಟ್ಟಿ ನೋಡಿ.

ಗಡಸು ನೀರಿನ ಮನೆಯವರಿಗೆ ಡಯಲ್ ಅನ್ನು 60ರ ಹತ್ತಿರ ಇಡಲು ಹೇಳಿ. ಬಿಸಿ ಹೆಚ್ಚಿದಷ್ಟೂ ಸುಣ್ಣ ಬೇಗ ಕೂರುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ತೊಳೆಸಲಿ. ಕಾಯಿಲ್ ಹಾಕಿ ಮುಗಿದ ಮೇಲೆ ಸ್ವಿಚ್‌ಗೆ ಅವಸರ ಮಾಡಬೇಡಿ. ಬಿಸಿ ನೀರಿನ ನಲ್ಲಿ ಬಿಟ್ಟಿಡಿ. ಮೊದಲು ಗಾಳಿ ಉಗುಳುತ್ತದೆ, ಆಮೇಲೆ ನೀರು ಒಂದೇ ಧಾರೆಯಾಗಿ ಬರುತ್ತದೆ. ಆಗ ಆನ್ ಮಾಡಿ. ಖಾಲಿ ಟ್ಯಾಂಕಿನಲ್ಲಿ ಹೊಸ ಕಾಯಿಲ್ ಸುಡಲು ನಿಮಿಷಗಳು ಸಾಕು.