ಶೇರ್ ಮಾಡಿದ ಫೋಲ್ಡರ್ ತೆರೆಯದಿದ್ದರೆ: 53, 67, 1326, 5

ಮನೆಯ ಎರಡು ವಿಂಡೋಸ್ ಕಂಪ್ಯೂಟರ್‌ಗಳು ಎಸ್‌ಎಂಬಿ ಎಂಬ ಪ್ರೊಟೊಕಾಲ್ (ಕಂಪ್ಯೂಟರ್‌ಗಳು ಪರಸ್ಪರ ಮಾತಾಡುವ ನಿಯಮ) ಮೂಲಕ ಫೋಲ್ಡರ್ ಹಂಚಿಕೊಳ್ಳುತ್ತವೆ. ಶೇರ್ ಮಾಡುವುದು ಸುಲಭ, ರೈಟ್ ಕ್ಲಿಕ್ ಮಾಡಿದರೆ ದಾರಿ ಕಾಣುತ್ತದೆ. ತಲೆ ಕೆಡುವುದು ಅದು ತೆರೆಯದಿದ್ದಾಗ. ಶಿರಸಿಯ ನಮ್ಮ ಮನೆಯಲ್ಲಿ ಅಡಿಕೆ ಲೆಕ್ಕದ ಫೋಲ್ಡರ್ ಅಪ್ಪನ ಕಂಪ್ಯೂಟರ್‌ನಲ್ಲಿದೆ, ತೆರೆಯಬೇಕಾದ್ದು ನನ್ನ ಲ್ಯಾಪ್‌ಟಾಪ್‌ನಲ್ಲಿ. ಉದಾಹರಣೆಗೆ ಅದೇ ಇರಲಿ.

ನನಗೆ ತುಂಬಾ ಇಷ್ಟವಾದ ಉಪಾಯ ಇದು. ಎಕ್ಸ್‌ಪ್ಲೋರರ್ ತೋರಿಸುವ ಉದ್ದದ ಸಂದೇಶ ಬಿಡಿ, ಆಜ್ಞೆ ಟೈಪ್ ಮಾಡುವ ಕಿಟಕಿ, ಅಂದರೆ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. 'ನೆಟ್ ಯೂಸ್' (net use) ಎಂದು ಟೈಪ್ ಮಾಡಿ, ಸ್ಪೇಸ್ ಬಿಟ್ಟು, ಎರಡು ಬ್ಯಾಕ್‌ಸ್ಲ್ಯಾಶ್, ಅಪ್ಪನ ಕಂಪ್ಯೂಟರ್ ಹೆಸರು, ಇನ್ನೊಂದು ಬ್ಯಾಕ್‌ಸ್ಲ್ಯಾಶ್, ಶೇರ್ ಹೆಸರು. ಎಂಟರ್ ಒತ್ತಿದರೆ ತೊಂದರೆ ಎಲ್ಲಿದೆ ಅಂತ ಒಂದು ಸಂಖ್ಯೆ ಹೇಳುತ್ತದೆ.

53 ಬಂದರೆ ಆ ಕಂಪ್ಯೂಟರೇ ಸಿಕ್ಕಿಲ್ಲ. ಎಕ್ಸ್‌ಪ್ಲೋರರ್‌ನಲ್ಲಿ 80070035 ಎಂದು ಕಾಣುವುದೂ ಇದೇ. ಕೊನೆಯ 35 ಹೆಕ್ಸಾಡೆಸಿಮಲ್, ಅಂದರೆ ಹದಿನಾರರ ಲೆಕ್ಕ: 3×16+5, ಅಂದರೆ 53. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋಗಿ ಬರುತ್ತಲೇ ಇರುತ್ತದೆ. ರೂಟರ್ ಮತ್ತೆ ಚಾಲೂ ಆದಾಗ ಅಪ್ಪನ ಕಂಪ್ಯೂಟರ್‌ಗೆ ಬೇರೆ ಐಪಿ, ಅಂದರೆ ನೆಟ್‌ವರ್ಕ್ ವಿಳಾಸ, ಕೊಡಬಹುದು. ಹೆಸರಿನ ಬದಲು ಐಪಿ ಹಾಕಿ ತೆರೆಯುತ್ತಿದ್ದರೆ ಆಗ ಸಿಗುವುದಿಲ್ಲ. ನಿನ್ನೆ 192.168.1.5 ಇದ್ದದ್ದು ಇವತ್ತು 192.168.1.8. ರೂಟರ್ ಸೆಟ್ಟಿಂಗ್‌ನಲ್ಲಿ ವಿಳಾಸ ಕಾಯ್ದಿರಿಸಿ. ನೆಟ್‌ವರ್ಕ್ 'ಪಬ್ಲಿಕ್' ಆಗಿದ್ದರೆ 'ಪ್ರೈವೇಟ್' ಮಾಡಿ. ಗೆಸ್ಟ್ ವೈಫೈಗೆ ಸೇರಿಕೊಂಡಿಲ್ಲ ತಾನೆ, ಅದನ್ನೂ ನೋಡಿ. ಆ ಕಂಪ್ಯೂಟರ್ ಇದೆಯೇ ಅಂತ ಕೇಳುವ ಪಿಂಗ್ ಕಮಾಂಡ್‌ಗೆ ಉತ್ತರ ಬಂದ ಮಾತ್ರಕ್ಕೆ ಸಾಲದು, ಎಸ್‌ಎಂಬಿಗೆ 445ನೇ ಪೋರ್ಟ್ ಎಂಬ ಬಾಗಿಲು ತೆರೆದಿರಬೇಕು.

67 ಅಂದರೆ ಸಾಮಾನ್ಯವಾಗಿ ಶೇರ್ ಹೆಸರಿನಲ್ಲಿ ಅಕ್ಷರ ತಪ್ಪಿದೆ. ಅಷ್ಟೇ.

ಈಗ 1326, ಕೆಲವೊಮ್ಮೆ 86. ಹೆಸರು ಅಥವಾ ಪಾಸ್‌ವರ್ಡ್ ಸರಿಯಿಲ್ಲ. ನನ್ನನ್ನು ಜಾಸ್ತಿ ಕಾಡಿದ್ದು ಇದೇ, ಹಾಗಾಗಿ ನಿಧಾನಕ್ಕೆ ಬರೆಯುತ್ತೇನೆ. ಯಾರ ಹೆಸರು, ಯಾರ ಪಾಸ್‌ವರ್ಡ್? ಫೋಲ್ಡರ್ ಇರುವ ಕಂಪ್ಯೂಟರ್‌ನದ್ದು. ನಾನು ಕೂತಿರುವುದು ನನ್ನ ಲ್ಯಾಪ್‌ಟಾಪ್ ಮುಂದೆ, ಆದರೆ ಒಳಗೆ ಬಿಡಬೇಕೋ ಬೇಡವೋ ಅಂತ ನೋಡುವುದು ಅಪ್ಪನ ಕಂಪ್ಯೂಟರ್. ಅದಕ್ಕೆ ತನ್ನ ಖಾತೆಗಳು ಮಾತ್ರ ಗೊತ್ತು. ವಿಂಡೋಸ್ ಮೊದಲು ಸುಮ್ನೆ ನನ್ನ ಲಾಗಿನ್‌ ಬಳಸಿ ನೋಡುತ್ತದೆ, ಒಪ್ಪದಿದ್ದರೆ ಆಮೇಲೆ ಕೇಳುತ್ತದೆ. ಆಗ ಪಿನ್ ಹಾಕಿದರೆ ನಡೆಯುವುದಿಲ್ಲ. ಪಿನ್ ಆ ಒಂದು ಯಂತ್ರದ ಮುಂದೆ ಕೂತು ತೆರೆಯುವುದಕ್ಕೆ, ನೆಟ್‌ವರ್ಕ್ ಮೇಲೆ ಅದಕ್ಕೆ ಬೆಲೆಯಿಲ್ಲ. ಮೈಕ್ರೋಸಾಫ್ಟ್ ಖಾತೆಯಾದರೆ ಪೂರ್ತಿ ಇಮೇಲ್ ಮತ್ತು ಆ ಖಾತೆಯ ಪಾಸ್‌ವರ್ಡ್ ಬೇಕು. ಲೋಕಲ್ ಖಾತೆಯಾದರೆ ಅಪ್ಪನ ಕಂಪ್ಯೂಟರ್ ಹೆಸರು, ಬ್ಯಾಕ್‌ಸ್ಲ್ಯಾಶ್, ಬಳಕೆದಾರನ ಹೆಸರು. ಪಾಸ್‌ವರ್ಡೇ ಇಲ್ಲದ ಲೋಕಲ್ ಖಾತೆಯನ್ನು ವಿಂಡೋಸ್ ಮಾಮೂಲಿ ಸೆಟ್ಟಿಂಗ್‌ನಲ್ಲಿ ನೆಟ್‌ವರ್ಕ್‌ನಿಂದ ಒಳಗೆ ಬಿಡುವುದಿಲ್ಲ. ನನ್ನ ಸಲಹೆ: ಅಪ್ಪನ ಕಂಪ್ಯೂಟರ್‌ನಲ್ಲಿ ಶೇರ್‌ಗಾಗಿಯೇ ಪಾಸ್‌ವರ್ಡ್ ಇರುವ ಒಂದು ಲೋಕಲ್ ಖಾತೆ ಮಾಡಿ. ಗೊಂದಲ ಅಲ್ಲಿಗೇ ಮುಗಿಯಿತು.

ಸರಿಯಾದದ್ದು ಹಾಕಿದರೂ 1219 ಬಂದರೆ ಬೇರೆ ಹೆಸರಿನ ಹಳೆಯ ಸಂಪರ್ಕ ಇನ್ನೂ ಉಳಿದಿದೆ. ಒಂದೇ ಕಂಪ್ಯೂಟರ್‌ಗೆ ಏಕಕಾಲಕ್ಕೆ ಎರಡು ಹೆಸರಲ್ಲಿ ಹೋಗಲು ಬಿಡುವುದಿಲ್ಲ. 'ನೆಟ್ ಯೂಸ್'ನ ಡಿಲೀಟ್ ಆಯ್ಕೆಯಿಂದ ಅದನ್ನು ತೆಗೆಯಿರಿ. ವಿಂಡೋಸ್ ಪಾಸ್‌ವರ್ಡ್ ಉಳಿಸಿಡುವ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಇರುವುದನ್ನೂ ಅಳಿಸಿ.

5 ಅಂದರೆ ಅನುಮತಿ ಇಲ್ಲ. ಅಪ್ಪನ ಕಂಪ್ಯೂಟರ್‌ನಲ್ಲಿ ಆ ಫೋಲ್ಡರ್‌ನ ಪ್ರಾಪರ್ಟೀಸ್ ತೆರೆದರೆ ಕಾಣುವ ಶೇರಿಂಗ್ ಟ್ಯಾಬ್, ಸೆಕ್ಯುರಿಟಿ ಟ್ಯಾಬ್ ಎರಡರಲ್ಲೂ ಆ ಖಾತೆಗೆ ಅನುಮತಿ ಇರಬೇಕು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ.

ಏನೂ ಆಗದಿದ್ದರೆ ಎಸ್‌ಎಂಬಿಯ ಹಳೆಯ ಆವೃತ್ತಿ ಎಸ್‌ಎಂಬಿ 1 ಆನ್ ಮಾಡಿ ಅಂತ ಯಾರಾದರೂ ಹೇಳುತ್ತಾರೆ. ಮಾಡಬೇಡಿ. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಹಬ್ಬಿದ್ದು ಅದರೊಳಗಿನ ತೂತಿನಿಂದಲೇ. ಎರಡೂ ಕಡೆ ವಿಂಡೋಸ್ 10 ಅಥವಾ 11 ಇದ್ದರೆ ಅದರ ಅಗತ್ಯವೇ ಇಲ್ಲ. ಹಳೆಯ ಸ್ಕ್ಯಾನರ್ ಅದನ್ನೇ ಕೇಳಿದರೆ ಪೆನ್ ಡ್ರೈವ್‌ನಲ್ಲೇ ಫೈಲ್ ತನ್ನಿ.